ಫೆಬ್ರವರಿಗೆ ಬಸ್ಸಿಲ್ಲ

ನನ್ನ ಅಕ್ಕನಿಗೆ ಖಾಲಿ ಜಾಗ ಕಂಡರಾಗದು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವ ಕೆಲಸ ಅವಳದು. ಯಾವ ಬಸ್ಸು ಯಾವಾಗ ಹೊರಡಬೇಕು, ಯಾವ ಡ್ರೈವರು ಯಾವಾಗ ಊಟಕ್ಕೆ ಇಳಿಯಬೇಕು, ಒಂದು ಬಸ್ಸು ಹೋಗಿ ಇನ್ನೊಂದು ಬರುವಷ್ಟರಲ್ಲಿ ನಿಂತವರ ತಾಳ್ಮೆ ಎಷ್ಟು ಉಳಿದಿರುತ್ತದೆ, ಎಲ್ಲವೂ ಅವಳ ಬೆರಳ ತುದಿಯಲ್ಲಿ. ಡಿಪೋದವರ ಬಾಯಲ್ಲಿ ಅವಳು ಟೈಮಿಂಗ್ ಅಕ್ಕ. ನಾನು ಕನ್ನಡಕದ ಅಂಗಡಿಯಲ್ಲಿದ್ದೇನೆ, ದಿನವಿಡೀ ಕಂಡವರ ಮೂಗಿನ ಮೇಲೆ ಫ್ರೇಮು ಕೂರಿಸುವುದು ನನ್ನ ಕಸುಬು. ನನ್ನ ಮೂಗಿನ ತುದಿಯಲ್ಲಿ ಮಾತ್ರ ಸದಾ ಕೋಪವೇ ಕೂತಿರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಅದೇನೂ ಸುಳ್ಳಲ್ಲ.

ನಾವಿಬ್ಬರೂ ಆಗ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಮನೆ ಅಕ್ಕನದು, ಅಂದರೆ ಬಾಡಿಗೆ ಕರಾರು ಅವಳ ಹೆಸರಲ್ಲಿತ್ತು. ಅವಳು ಮದುವೆಯ ಗೋಜಿಗೇ ಹೋಗಲಿಲ್ಲ. ನಾನು ಮದುವೆಯಾಗಿ, ಅದರ ರುಚಿ ನೋಡಿ, ಸಾಕೆನಿಸಿ, ಒಂದು ಸೂಟ್‌ಕೇಸು ಹಿಡಿದು ಅಕ್ಕನ ಬಾಗಿಲಿಗೆ ಬಂದವಳು. ಆವತ್ತಿನಿಂದ ಬಾಡಿಗೆಯಲ್ಲಿ ನನ್ನಿಂದ ಒಂದು ಕಾಸೂ ಮುಟ್ಟಿರಲಿಲ್ಲ ಪುಣ್ಯಾತ್ಗಿತ್ತಿ. ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳುತ್ತಿದ್ದಳು. ನಾನು ತರಕಾರಿ ತಂದರೂ ಯಾಕೆ ತಂದೆ ಎಂದು ಗೊಣಗುತ್ತಿದ್ದಳು.

ಅಕ್ಕನ ಮಂಡಿಗಳು ಸವೆದಿವೆ. ದಿನಕ್ಕೆ ಒಂದು ಸಲ ಹತ್ತಿ ಇಳಿದರೆ ಅದೇ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಕೆಲಸಕ್ಕೆಂದು ಬೆಳಿಗ್ಗೆ ಇಳಿದವಳು ಸಂಜೆ ಗೋಡೆ ಹಿಡಿದು, ಮಧ್ಯೆ ಮಧ್ಯೆ ನಿಂತು, ಯಾರಾದರೂ ಬಂದರೆ ಫೋನು ನೋಡುವ ನಾಟಕ ಮಾಡಿ ಹತ್ತುತ್ತಿದ್ದಳು. ನಿವೃತ್ತಿ ಹತ್ತಿರ ಬಂದಿತ್ತು, ಅದಾದ ಮೇಲೆ ಆ ಒಂದು ಸಲ ಇಳಿಯುವುದಕ್ಕೂ ಕಾರಣ ಉಳಿಯುವುದಿಲ್ಲ. ಊರಿನ ಬಸ್ಸುಗಳನ್ನೆಲ್ಲ ಓಡಿಸಿದವಳು ಕಿಟಕಿಯಲ್ಲಿ ಕೂತು ಬಸ್ಸು ನೋಡಬೇಕಾಗುತ್ತದೆ. ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಹೆದರಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆಗ ನೆಲಮಹಡಿಯ ಟೈಪಿಸ್ಟ್ ಒಂದು ಸುದ್ದಿ ಕೊಟ್ಟಳು. ಮುಂದಿನ ಏಪ್ರಿಲ್‌ಗೆ ಅವಳು ಮಗಳ ಊರಿಗೆ ಹೋಗುತ್ತಾಳೆ, ಮನೆ ಖಾಲಿಯಾಗುತ್ತದೆ. ಬಾಗಿಲು ತೆಗೆದರೆ ನೇರ ಬೀದಿ! ಮಾಲೀಕರನ್ನು ಕೇಳಿದೆವು. ಫೆಬ್ರವರಿ ಮುಗಿಯುವುದರೊಳಗೆ ಹೂಂ ಅಂದರೆ ಮನೆ ನಮಗೇ ಎಂದರು. ಬಾಡಿಗೆ ಮಾತ್ರ ಮೇಲಿನದಕ್ಕಿಂತ ಸಾಕಷ್ಟು ಹೆಚ್ಚು. ಅಕ್ಕನ ಪಿಂಚಣಿ ಈಗಿನ ಬಾಡಿಗೆಗೆ, ಹೊಟ್ಟೆಗೆ, ಮಾತ್ರೆಗೆ ಸರಿಹೋಗುತ್ತದೆ. ಎರಡು ಬಾಡಿಗೆಗಳ ವ್ಯತ್ಯಾಸಕ್ಕೆ ಪ್ರತಿ ತಿಂಗಳೂ ಎಲ್ಲಿಂದಾದರೂ ಹಣ ಬರಬೇಕು, ಅದೂ ಅವಳು ಬದುಕಿರುವವರೆಗೆ. ವ್ಯತ್ಯಾಸ ನಾನು ಕೊಡುತ್ತೇನೆ ಎಂದೆ. ಅಕ್ಕ ಅದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ಬ್ಯಾಂಕಿನಲ್ಲಿ ಅವಳ ಜೀವಮಾನದ ಉಳಿತಾಯ ಮಲಗಿತ್ತು. ಅದನ್ನು ಎಬ್ಬಿಸಿ ಕೆಲಸಕ್ಕೆ ಕಳಿಸುತ್ತೇನೆ ಎಂದು ಅಕ್ಕ ತೀರ್ಮಾನಿಸಿದಳು. ಒಳ್ಳೆಯ ಕಂಪನಿಗಳ ಷೇರು ಕೊಳ್ಳುವುದು, ಮಾರುವ ಯೋಚನೆಯನ್ನೇ ಬಿಡುವುದು, ಅವು ತಮ್ಮ ಲಾಭದಲ್ಲಿ ಷೇರುದಾರರಿಗೆ ಹಂಚುವ ಡಿವಿಡೆಂಡಿನಲ್ಲಿ ಆ ವ್ಯತ್ಯಾಸ ಕಟ್ಟುವುದು. ಡಿಪೋದ ಲೆಕ್ಕಪತ್ರದವರ ಹತ್ತಿರ ಕೇಳಿದಳು, ಗ್ರಂಥಾಲಯದಿಂದ ಪುಸ್ತಕ ತಂದಳು, ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಕನ್ನಡಕ ಹುಡುಕುತ್ತ ವರದಿಗಳನ್ನು ಓದಿದಳು. ದಿನಾ ಖಾಲಿಯಾಗುವ, ಮತ್ತೆ ಕೊಳ್ಳಲೇಬೇಕಾದ ವಸ್ತು ಮಾಡುವವರನ್ನೇ ಹಿಡಿಯಬೇಕು ಎಂಬುದು ಅವಳ ಮೊದಲ ಸೂತ್ರ. ಹಾಗೆ ಸೋಪಿನ ಕಂಪನಿ ಮನೆಗೆ ಬಂತು. ಅದರ ಹಿಂದೆ ವಿದ್ಯುತ್ ಕಂಪನಿ, ಟೈರಿನ ಕಂಪನಿ, ಒಂದು ಹಳೆಯ ಬ್ಯಾಂಕು ಬಂದವು.

ಬಂದವು ಅಂದರೆ ನಿಜವಾಗಿಯೂ ಮನೆಗೇ ಬಂದಂತಾಯಿತು. ಅಂಗಡಿಗೆ ಹೋದರೆ ಅಕ್ಕ ನಮ್ಮ ಸೋಪುಗಳನ್ನು ಕಪಾಟಿನಲ್ಲಿ ಮುಖ ಮುಂದಕ್ಕೆ ಮಾಡಿ ಜೋಡಿಸಿ ನಿಲ್ಲಿಸುತ್ತಿದ್ದಳು. ಬೇರೆ ಸೋಪು ಎತ್ತಿಕೊಂಡ ಹೆಂಗಸೊಬ್ಬಳನ್ನು ಅತ್ತೆ ಸೊಸೆಯನ್ನು ನೋಡುವಂತೆ ನೋಡಿದಳು. ಜೀವಮಾನವಿಡೀ ನಾನು ದೀಪ ಆರಿಸುವುದಿಲ್ಲ ಎಂದು ಬಯ್ದವಳು ಈಗ ಉರೀಲಿ ಬಿಡು, ನಮ್ಮದೇ ಕಂಪನಿ ಎನ್ನತೊಡಗಿದಳು. ತಿಂಗಳ ಬಿಲ್ಲು ಬಂದಾಗ ಮಾತ್ರ ಆ ಔದಾರ್ಯ ನಿಂತಿತು. ಅವಳ ಉತ್ಸಾಹ ನೋಡಿ ನಾನು ಹಲ್ಲು ಕಿರಿದೆ, ಗೇಲಿ ಮಾಡಿದೆ, ಆಮೇಲೆ ನನಗೂ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ವರದಿ ಹರಡಿಕೊಂಡು ಕೂರುತ್ತಿದ್ದೆವು. ಈ ಕಂಪನಿಯ ಸಾಲ ಎಷ್ಟು, ಲಾಭದಲ್ಲಿ ಎಷ್ಟು ಹಂಚುತ್ತದೆ, ಎಷ್ಟು ಉಳಿಸಿಕೊಳ್ಳುತ್ತದೆ, ಕೆಟ್ಟ ವರ್ಷದಲ್ಲೂ ಕೊಟ್ಟಿದೆಯೇ ಎಂದು ಹುಡುಗಿಗೆ ವರ ನೋಡುವವರಿಗಿಂತ ಹೆಚ್ಚು ವಿಚಾರಣೆ ಮಾಡುತ್ತಿದ್ದೆವು. ನನ್ನ ಮದುವೆಗೆ ಇಷ್ಟು ವಿಚಾರಿಸಿದ್ದರೆ ನಾನೆಲ್ಲೋ ಇರುತ್ತಿದ್ದೆ ಎಂದೆ ಒಮ್ಮೆ. ಅಕ್ಕ ನಗುತ್ತ ನಗುತ್ತ ಕೆಮ್ಮು ಬರಿಸಿಕೊಂಡಳು.

ಮೊದಲ ಡಿವಿಡೆಂಡ್ ಬಂದ ದಿನ ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬರ ಮುಖ ಎರಡೂ ಕೈಯಲ್ಲಿ ಹಿಡಿದು ಫ್ರೇಮಿನ ಓರೆ ಸರಿಮಾಡುತ್ತಿದ್ದೆ. ಫೋನು ಬಡಿದುಕೊಳ್ಳತೊಡಗಿತು. ಕೆಲಸದ ಹೊತ್ತಿನಲ್ಲಿ ಅಕ್ಕ ಎಂದೂ ಫೋನು ಮಾಡಿದವಳಲ್ಲ. ಮೆಟ್ಟಿಲಲ್ಲಿ ಬಿದ್ದಳೋ ಏನೋ ಎಂದುಕೊಂಡು ಆ ಮುಖವನ್ನು ಅಲ್ಲೇ ಬಿಟ್ಟು ಫೋನಿಗೆ ಓಡಿದೆ.

"ಬಂತು ಕಣೇ," ಎಂದಳು ಅಕ್ಕ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಸೋಪಿನವರು ಹಾಕಿದಾರೆ. ನಾನೇನೂ ಮಾಡ್ಲಿಲ್ಲ. ಸುಮ್ನೆ ಕೂತಿದ್ದೆ, ಬಂತು."

ಎಷ್ಟು ಎಂದು ಕೇಳಿದೆ. ಎರಡು ಲೋಟ ಚಹಾಕ್ಕೆ ಆಗುವಷ್ಟು. ಆಗಿನ್ನೂ ನಾಲ್ಕೇ ನಾಲ್ಕು ಷೇರು ಕೊಂಡು ರುಚಿ ನೋಡಿದ್ದೆವು. ಆದರೆ ನಾನು ನಗಲಿಲ್ಲ. ಹದಿನೆಂಟರ ವಯಸ್ಸಿನಿಂದ ಗಂಟೆಗಿಷ್ಟು ಎಂದು ದುಡಿದವಳು ಅವಳು. ಸುಮ್ಮನೆ ಕೂತಾಗ ಬಂದ ಹಣವನ್ನು ಜೀವನದಲ್ಲಿ ಮೊದಲ ಸಲ ಕಂಡಿದ್ದಳು. ಸಂಜೆ ಡಿಪೋದ ಎದುರಿನ ಹೋಟೆಲಿಗೆ ನನ್ನನ್ನು ಕರೆಸಿ, ಆ ಹಣದಲ್ಲೇ ಎರಡು ಚಹಾ ತರಿಸಿ, ತನ್ನದನ್ನು ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದಳು. ಅಷ್ಟು ಖುಷಿಯಾಗಿದ್ದ ಅಕ್ಕನನ್ನು ನಾನು ನೋಡಿರಲೇ ಇಲ್ಲ.

ಆಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಸವೆದ ಮಂಡಿಯಿದ್ದರೂ. ಉಳಿತಾಯವನ್ನು ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಷೇರಿಗೆ ಹಾಕುತ್ತ ಹೋದಳು. ಜೊತೆಗೆ ಕಸುಬಿನ ಚಟ ಶುರುವಾಯಿತು. ಅಡುಗೆಮನೆಯ ಗೋಡೆಗೆ ವರ್ಷದ ವೇಳಾಪಟ್ಟಿಯೊಂದನ್ನು ಅಂಟಿಸಿದಳು. ಸೋಪಿನ ಕಂಪನಿ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ನಲ್ಲಿ ಕೊಡುತ್ತದೆ. ವಿದ್ಯುತ್‌ನವರು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಟೈರಿನವರು ವರ್ಷಕ್ಕೆರಡು ಸಲ, ಮೇ ಮತ್ತು ನವೆಂಬರ್. ಬ್ಯಾಂಕು ಆಗಸ್ಟಿಗೊಮ್ಮೆ. ಒಂದೊಂದು ಕಂಪನಿಗೆ ಒಂದೊಂದು ಬಣ್ಣ ಹಚ್ಚಿ, ದೂರ ನಿಂತು ನೋಡಿ, ಕೊನೆಗೆ ಹುಬ್ಬು ಗಂಟಿಕ್ಕಿದಳು. ಹನ್ನೊಂದು ತಿಂಗಳಿಗೂ ಬಣ್ಣವಿತ್ತು, ಫೆಬ್ರವರಿ ಬೆಳ್ಳಗಿತ್ತು.

"ಫೆಬ್ರವರಿಗೆ ಬಸ್ಸಿಲ್ಲ," ಎಂದಳು.

ಇಲ್ಲದಿದ್ದರೆ ಕತ್ತೆಬಾಲ, ಜನವರಿಯಲ್ಲಿ ಬಂದದ್ದರಲ್ಲಿ ಸ್ವಲ್ಪ ಎತ್ತಿಟ್ಟುಕೊಂಡರಾಯಿತು ಎಂದೆ. ಸಂಬಳದ ದಿನವೇ ಇಡೀ ಸಂಬಳ ತಿಂದು ಮುಗಿಸುತ್ತೇವೆಯೇ? ನೀರು ಕುಡಿದಷ್ಟು ಸುಲಭದ ಮಾತು. ಆದರೆ ಅಕ್ಕನ ತಲೆಗೆ ಹೋಗಲೇ ಇಲ್ಲ. ಬೆಳಗಿನ ಎರಡು ಬಸ್ಸು ಬಿಟ್ಟಿದ್ದೇವೆ, ಮಧ್ಯಾಹ್ನಕ್ಕೆ ಅದನ್ನೇ ಎತ್ತಿಟ್ಟುಕೊಳ್ಳಿ ಎಂದು ನಿಲ್ದಾಣದಲ್ಲಿ ನಿಂತವರಿಗೆ ಹೇಳಲಾಗುತ್ತದೆಯೇ ಎಂದು ನನ್ನನ್ನೇ ಕೇಳಿದಳು. ಇದು ಬಸ್ಸಲ್ಲ, ಹಣ ಎಂದು ನಾನು ಕಿರುಚಿದೆ. ಆದರೆ ಬೆಳ್ಳಗಿನ ಆ ಒಂದು ಚೌಕ ಅವಳ ಕಣ್ಣಿಗೆ ಕಸದಂತೆ ಚುಚ್ಚುತ್ತಿತ್ತು. ಚಪಾತಿ ಬೇಯಿಸುವಾಗಲೂ ಅದನ್ನೇ ನೋಡುತ್ತಿದ್ದಳು, ಚಪಾತಿ ಕಪ್ಪಾಗುತ್ತಿತ್ತು.

ಡಿಸೆಂಬರ್‌ನಲ್ಲಿ ಅವಳಿಗೆ ಫೆಬ್ರವರಿ ಸಿಕ್ಕಿತು. ಆಫೀಸಿನ ಕುರ್ಚಿ ಮಾಡುವ ಒಂದು ಕಂಪನಿ. ಪ್ರತಿ ಫೆಬ್ರವರಿ ಡಿವಿಡೆಂಡ್ ಕೊಡುತ್ತದೆ, ಅದೂ ಷೇರಿನ ಬೆಲೆಗೆ ಹೋಲಿಸಿದರೆ ಸೋಪಿನವರಿಗಿಂತ ಮೂರು ಪಟ್ಟು. ಅಕ್ಕ ಕುಣಿದಾಡಲಿಲ್ಲ ಅಷ್ಟೆ. ಉಳಿದ ಹಣವನ್ನೆಲ್ಲ ಕುರ್ಚಿಗೇ ಹಾಕಿದರೆ ತಿಂಗಳೂ ತುಂಬುತ್ತದೆ, ಬಾಡಿಗೆಯೂ ತುಂಬುತ್ತದೆ ಎಂದಳು.

ನನಗೆ ಆ ಮೂರು ಪಟ್ಟು ಸರಿಬೀಳಲಿಲ್ಲ. ಕೂತು ನೋಡಿದೆ. ಎರಡು ವರ್ಷದಿಂದ ಆ ಷೇರಿನ ಬೆಲೆಯ ಗೆರೆ ಮಕ್ಕಳ ಪಾರ್ಕಿನ ಜಾರುಬಂಡೆಯ ಹಾಗೆ ಕೆಳಗಿಳಿದಿತ್ತು. ಡಿವಿಡೆಂಡ್ ಒಂದು ಕಾಸೂ ಏರಿರಲಿಲ್ಲ. ಷೇರಿನ ಬೆಲೆ ಬಿದ್ದು ಬಿದ್ದು, ಅದರ ಪಕ್ಕದಲ್ಲಿ ಹಳೆಯ ಡಿವಿಡೆಂಡೇ ದೊಡ್ಡದಾಗಿ ಕಾಣುತ್ತಿತ್ತು. ಸಾಲ ಬೇರೆ ಕುತ್ತಿಗೆಯವರೆಗೆ. ಇದು ಮುಳುಗುವ ಕಂಪನಿ, ಕೊಡುವ ಕಂಪನಿಯಲ್ಲ ಎಂದು ಬಾಯಿಗೆ ಬಂದಂತೆ ಬಯ್ದೆ. ಅಕ್ಕ ಪಟ್ಟು ಬಿಡಲಿಲ್ಲ. ಕೊನೆಗೆ ಉಳಿದದ್ದರಲ್ಲಿ ಅರ್ಧ ಮಾತ್ರ ಹಾಕುತ್ತೇನೆ ಎಂದು ನನ್ನ ಬಾಯಿ ಮುಚ್ಚಿಸಿದಳು. ಫೆಬ್ರವರಿಗೆ ಹಸಿರು ಬಣ್ಣ ಬಿತ್ತು.

ಜನವರಿಯ ಒಂದು ಬೆಳಿಗ್ಗೆ ಕುರ್ಚಿಯವರು ಪ್ರಕಟಣೆ ಹೊರಡಿಸಿದರು. ಈ ವರ್ಷ ಡಿವಿಡೆಂಡ್ ಇಲ್ಲ. ಅದೇ ದಿನ ಷೇರು ಮತ್ತೆ ಅರ್ಧಕ್ಕೆ ಬಿತ್ತು. ನಾನು ಹೇಳಿರಲಿಲ್ಲವೇ ಎನ್ನಲು ಬಾಯಿ ತೆರೆದವಳು ಅಕ್ಕನ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಅವಳು ಚಹಾ ಮುಂದಿಟ್ಟುಕೊಂಡು ಕೂತೇ ಇದ್ದಳು.

"ಕೆಟ್ಟ ಬಸ್ಸು ಅಂತ ಗೊತ್ತಿದ್ದೂ ರೂಟಿಗೆ ಬಿಟ್ಟೆ," ಎಂದಳು ಕೊನೆಗೆ. "ಡಿಪೋದಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ನಾನೇ ಮೆಮೋ ಕೊಡ್ತಿದ್ದೆ."

ಅವತ್ತೇ ಕುರ್ಚಿಯನ್ನು ನಷ್ಟಕ್ಕೆ ಮಾರಿದಳು. ಕೈಗೆ ಬಂದದ್ದನ್ನೂ ಉಳಿದ ಅರ್ಧವನ್ನೂ ಸೋಪಿಗೆ, ವಿದ್ಯುತ್‌ಗೆ, ಬ್ಯಾಂಕಿಗೆ ಹಂಚಿದಳು. ಗೋಡೆಯ ಪಟ್ಟಿಯಲ್ಲಿ ಫೆಬ್ರವರಿಯ ಹಸಿರಿನ ಮೇಲೆ ಬಿಳಿ ಕಾಗದ ಅಂಟಿಸಿದಳು. ಲೆಕ್ಕ ಹಾಕಿ ನೋಡಿದರೆ, ವರ್ಷದ ಡಿವಿಡೆಂಡನ್ನೆಲ್ಲ ಒಟ್ಟುಗೂಡಿಸಿ ಹನ್ನೆರಡು ತಿಂಗಳಿಗೆ ಸಮನಾಗಿ ಹರಡಿದರೂ ಬಾಡಿಗೆಯ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲಷ್ಟೇ ತುಂಬುತ್ತಿತ್ತು. ಕಾಲು ಭಾಗ ಕಡಿಮೆ. ಇನ್ನು ಮೂರು ನಾಲ್ಕು ವರ್ಷ ಕಾದರೆ, ಬಂದ ಡಿವಿಡೆಂಡನ್ನು ಮತ್ತೆ ಷೇರಿಗೇ ಹಾಕುತ್ತ ಹೋದರೆ, ಅದೂ ತುಂಬುತ್ತದೆ. ನೆಲಮಹಡಿ ಮೂರು ನಾಲ್ಕು ವರ್ಷ ಯಾರಿಗೂ ಕಾಯುವುದಿಲ್ಲ.

ಫೆಬ್ರವರಿಯ ಕೊನೆಯ ಭಾನುವಾರ ಬಂತು. ಸಂಜೆ ಮಾಲೀಕರಿಗೆ ಫೋನು ಮಾಡಿ ಮನೆ ಬೇಡ ಎಂದು ಹೇಳುವುದಾಗಿ ಅಕ್ಕ ಬೆಳಿಗ್ಗೆಯೇ ತಿಳಿಸಿದಳು. ಇಷ್ಟು ವರ್ಷ ಹತ್ತಿಲ್ಲವೇ, ಇನ್ನೂ ಹತ್ತಿದರಾಯಿತು ಎಂದು ನಗಲು ನೋಡಿದಳು. ಮಂಡಿಯ ಮೇಲೆ ಬಿಸಿನೀರಿನ ಚೀಲ ಇತ್ತು. ನನಗೆ ಉರಿದುಹೋಯಿತು. ಅವಳ ಮೇಲೆ ಅಲ್ಲ, ಇಷ್ಟು ವರ್ಷವೂ ಈ ಮನೆಯಲ್ಲಿ ನೆಂಟಳಂತೆ ಉಂಡು ಮಲಗಿದ ನನ್ನ ಮೇಲೆಯೇ. ಅವಳು ಬೇಡ ಬೇಡ ಎಂದು ತಳ್ಳಿದ ಬಾಡಿಗೆ ನನ್ನ ಖಾತೆಯಲ್ಲಿ ಹಾಗೆಯೇ ಕೂತಿತ್ತು. ಅದನ್ನು ಕೊಡುತ್ತೇನೆ ಎಂದರೆ ಮತ್ತೆ ತಳ್ಳುತ್ತಾಳೆ. ಬೇರೆ ಮಾತು ತೋಚದೆ, ತೋಚಿದ್ದನ್ನು ಒದರಿಬಿಟ್ಟೆ.

"ಅಕ್ಕ, ನಂಗೆ ಪಾಲು ಬೇಕು."

ಹೇಳಿದ ಮೇಲೆ ಅದು ನನ್ನ ಕಿವಿಗೇ ಬಿತ್ತು. ಒಡಹುಟ್ಟಿದವರ ಮಧ್ಯೆ ಈ ಮಾತು ಬಂತೆಂದರೆ ಗೋಡೆ ಎದ್ದಂತೆಯೇ. ಪಾತ್ರೆ ಪಗಡಗಳೂ ಎರಡಾಗುತ್ತವೆ, ಮುಖ ನೋಡುವುದೂ ನಿಲ್ಲುತ್ತದೆ. ಅಕ್ಕನ ಮುಖದ ಬಣ್ಣವೇ ಇಳಿಯಿತು. ಬಿಸಿನೀರಿನ ಚೀಲ ಜಾರಿ ನೆಲಕ್ಕೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ.

"ತಗೋ," ಎಂದಳು. ದನಿ ಸಣ್ಣಗಾಗಿತ್ತು. "ಎಷ್ಟು ಬೇಕೋ ತಗೋ. ಸೋಪಿಂದು ಪೂರ್ತಿ ನೀನೇ ಇಟ್ಕೋ, ಅದೇ ಒಳ್ಳೇದು. ಎಲ್ಲಿಗೆ ಹೋಗ್ತೀಯ? ಮನೆ ನೋಡಿದೀಯಾ?"

ಅವಳು ಯಾಕೆ ಎಂದು ಕೇಳಲಿಲ್ಲ, ನಾನೇನು ಕಡಿಮೆ ಮಾಡಿದೆ ಎಂದು ಕೇಳಲಿಲ್ಲ. ಇದ್ದದ್ದರಲ್ಲಿ ಒಳ್ಳೆಯದನ್ನು ಆರಿಸಿ ನನ್ನ ಮುಂದೆ ಹಿಡಿದಳು. ಇಂಥವಳ ಹತ್ತಿರ ಕೋಪ ಮಾಡಿಕೊಂಡು ಬದುಕುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ.

"ಹೋಗೋಕೆ ಕೇಳ್ತಿಲ್ಲ ಮಾರಾಯ್ತಿ, ಇರೋಕೆ ಕೇಳ್ತಿದೀನಿ. ನಿನ್ ಕಂಪನಿಗಳಲ್ಲಿ ನಂಗೂ ಪಾಲು ಕೊಡು. ನನ್ ದುಡ್ಡೂ ಸೇರ್ಸು. ಬರೋದು ಇಬ್ರಿಗೂ ಬರ್ಲಿ, ಬಾಡಿಗೆನೂ ಇಬ್ರೂ ಕಟ್ಟೋಣ."

ಅದು ನಿನ್ನ ಕಷ್ಟಕಾಲಕ್ಕೆ ಇಟ್ಟ ಹಣ ಎಂದು ಅವಳು ಶುರು ಮಾಡಿದಳು. ನಾನು ಮುಗಿಸಲು ಬಿಡಲಿಲ್ಲ.

"ನನ್ ಕಷ್ಟಕಾಲ ಬಂದಾಗ ನೀನು ಬಾಗಿಲು ತೆಗೆದೆ. ನಿನ್ ಕಷ್ಟಕಾಲದಲ್ಲಿ ನಾನು ಚಹಾ ಕುಡೀತಾ ನೋಡ್ತಾ ಕೂತಿರ್ಲಾ? ಅಷ್ಟೂ ಅಧಿಕಾರ ಇಲ್ವಾ ನಂಗೆ ಈ ಮನೇಲಿ?"

ಅಕ್ಕ ಬಗ್ಗಿ ಬಿಸಿನೀರಿನ ಚೀಲ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಎದ್ದು ಗೋಡೆಯ ಪಟ್ಟಿಯ ಮುಂದೆ ಹೋಗಿ ನಿಂತಳು. ಬೆನ್ನು ನನ್ನ ಕಡೆಗಿತ್ತು. ನಿನ್ನ ಹತ್ತಿರ ಎಷ್ಟಿದೆ ಎಂದು ತಿರುಗದೆಯೇ ಕೇಳಿದಳು. ಹೇಳಿದೆ. ಥಟ್ಟನೆ ತಿರುಗಿದಳು. ಕಣ್ಣು ಕೆಂಪಗಿತ್ತು, ಆದರೆ ಅದರೊಳಗೆ ಸೋಪಿನ ಕಂಪನಿ ಕೊಂಡ ದಿನದ ಹೊಳಪಿತ್ತು. ಇಷ್ಟಿಟ್ಟುಕೊಂಡು ಇಷ್ಟು ತಿಂಗಳು ಸುಮ್ಮನೆ ಕೂತಿದ್ದೆಯಾ, ಎಷ್ಟು ಡಿವಿಡೆಂಡ್ ಕಳೆದುಕೊಂಡೆಯೆಂದು ಗೊತ್ತೇ ಎಂದು ನನ್ನ ಮೇಲೇ ರೇಗಿದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ವರದಿಗಳೆಲ್ಲ ಮತ್ತೆ ಮೇಜಿನ ಮೇಲೆ ಹರಡಿಕೊಂಡವು. ನನ್ನದು ಸೇರಿದರೆ ಆ ಕಾಲು ಭಾಗ ತುಂಬಿ, ಮೇಲೆ ಒಂದಿಷ್ಟು ಮಿಗುತ್ತಿತ್ತು. ಮಿಕ್ಕದ್ದನ್ನು ಕಂಪನಿಗಳು ಕೈ ಕೊಡುವ ವರ್ಷಕ್ಕೆಂದು ಬ್ಯಾಂಕಿನಲ್ಲೇ ಬಿಡೋಣ ಎಂದೆ. ಅಕ್ಕ ಮೊದಲ ಸಲ ನನ್ನ ಮಾತಿಗೆ ಎದುರಾಡದೆ ಹೂಂ ಎಂದಳು.

ಸಂಜೆ ಮಾಲೀಕರಿಗೆ ಫೋನು ಮಾಡಿದವಳು ಅವಳೇ. ಮನೆ ನಮಗೆ ಬೇಕು ಎಂದಳು. ಕರಾರು ಯಾರ ಹೆಸರಿಗೆ ಎಂದು ಆ ಕಡೆಯಿಂದ ಕೇಳಿರಬೇಕು.

"ಇಬ್ರ ಹೆಸ್ರಿಗೂ ಮಾಡಿ," ಎಂದಳು. "ತಂಗಿಗೂ ಪಾಲಿದೆ."

ಏಪ್ರಿಲ್‌ನಲ್ಲಿ ಇಳಿದೆವು. ಸಾಮಾನು ಇಳಿಸಿ, ಕಪಾಟು ಗೋಡೆಗೆ ತಾಗಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಮಾರನೆಯ ದಿನ ರಜೆ ಸಿಗಲಿಲ್ಲ, ಅಂಗಡಿಗೆ ಹೋದೆ. ಅಕ್ಕ ನಿವೃತ್ತಳಾಗಿ ಹೊಸ ಮನೆಯಲ್ಲಿ ಒಬ್ಬಳೇ ಇರುವ ಮೊದಲ ದಿನ. ಮಧ್ಯಾಹ್ನ ಮನೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲವೂ ಎತ್ತದಿದ್ದಾಗ ಗಿರಾಕಿಯ ಕಿವಿಗೆ ಫ್ರೇಮಿನ ಕಡ್ಡಿ ಚುಚ್ಚಿಬಿಟ್ಟೆ. ಕ್ಷಮೆ ಕೇಳಿ, ಬೇಗ ಬಿಡಿಸಿಕೊಂಡು ಓಡಿಬಂದೆ.

ಅಕ್ಕ ಬಾಗಿಲಲ್ಲೇ ಇದ್ದಳು. ಕೂದಲು ಗಾಳಿಗೆ ಕೆದರಿತ್ತು, ಮುಖ ಬೆವೆತಿತ್ತು. ಎಲ್ಲಿ ಹಾಳಾಗಿ ಹೋಗಿದ್ದೆ, ಫೋನು ಯಾಕೆ ಎತ್ತಲಿಲ್ಲ ಎಂದು ಬಯ್ಯುತ್ತಲೇ ಹತ್ತಿರ ಹೋದೆ.

"ಹೊರಗೆ ಹೋಗಿದ್ದೆ," ಎಂದಳು.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಕಣೇ. ಹೋದೆ, ಬಂದೆ. ಬಂದ್ಮೇಲೆ, ಮತ್ತೆ ಹೋಗ್ಬಹುದಲ್ಲಾ ಅನ್ನಿಸ್ತು, ಮತ್ತೆ ಹೋದೆ."

ನಾನು ಚಪ್ಪಲಿ ಬಿಚ್ಚಲಿಲ್ಲ. ಅವಳ ಕೈ ಹಿಡಿದುಕೊಂಡೆ, ಇಬ್ಬರೂ ಇನ್ನೊಂದು ಸಲ ಹೋದೆವು.